ಹೊಳೆಯ ಪಾತ್ರದಲ್ಲಿ ನಡೆಯುವವರು

ಬೇಸಗೆಯಲ್ಲಿ, ಮೇಲಿನಿಂದ ನೀರು ಬಿಡದ ದಿನಗಳಲ್ಲಿ, ಶ್ರೀರಂಗಪಟ್ಟಣದ ಕೋಟೆಯ ವಾಯವ್ಯ ಮೂಲೆಯಲ್ಲಿ ನಿಂತು ಕಾವೇರಿಯನ್ನು ನೋಡಿದವರಿಗೆ, ಸೈನ್ಯಗಳನ್ನು ತಡೆದು ನಿಲ್ಲಿಸಿದ ನದಿ ಇದೇಯೇ ಎಂಬ ಸಂದೇಹ ಹುಟ್ಟದಿರದು. ಕರಿಯ ಬಂಡೆಗಳ ನಡುವೆ ನೀರು ಹತ್ತಾರು ಕವಲಾಗಿ ಒಡೆದು, ಇಲ್ಲಿ ಪಾದ ಮುಳುಗುವಷ್ಟು, ಅಲ್ಲಿ ನಡು ಮುಟ್ಟುವಷ್ಟು ಹರಿಯುತ್ತಿರುತ್ತದೆ. ಹುಡುಗರು ಬಂಡೆಯಿಂದ ಬಂಡೆಗೆ ನೆಗೆಯುತ್ತ ನಡುಹೊಳೆಯವರೆಗೂ ಹೋಗಿ ಕುಳಿತಿರುತ್ತಾರೆ. ಅದೇ ಬಂಡೆಗಳು ತುಂಬಿದ ಹೊಳೆಯಲ್ಲಿ ಒಂದೂ ಉಳಿಯದಂತೆ ಮುಳುಗುವುದನ್ನು ಕಂಡವರು ಮಾತ್ರ ಆ ಹುಡುಗರನ್ನು ದಡಕ್ಕೆ ಕರೆಯುತ್ತಾರೆ.

ನೀರಿನ ದಾರಿಯಲ್ಲಿ, ಅದರಲ್ಲಿಯೂ ಎರಡು ಕಡೆಯಲ್ಲಿಯೂ ಕಲ್ಲುಗೋಡೆಗಳೆದ್ದು ನಡುವೆ ಇಕ್ಕಟ್ಟಾದ ಕಮರಿಗಳಲ್ಲಿ, ಕಾಲುನಡಗೆಯಿಂದ ಹೋಗುವವರು ಕ್ಷೇಮವಾಗಿ ಹಿಂದಿರುಗುವ ಬಗೆ ಯಾವುದು ಎಂಬುದೇ ನಮ್ಮ ಇಂದಿನ ವಿಷಯ. ಇದು ಚರಿತ್ರೆಯನ್ನು ಪಾಠಮಾಡುವವರ ಮಾತೇ, ಅಂಬಿಗರ ಮಾತಲ್ಲವೇ, ಎಂದು ಶ್ರೋತೃಗಳು ಕೇಳಬಹುದು. ಅಂಬಿಗರ ಮಾತೇ ನಿಜ. ಆದರೆ ಆ ಮಾತನ್ನು ಕೇಳಿದವರಿಗೂ ಕೇಳದವರಿಗೂ ಏನಾಯಿತೆಂಬುದನ್ನು ಬರೆದಿಟ್ಟುಕೊಂಡಿರುವುದು ಚರಿತ್ರೆ.

1997ನೆಯ ಇಸವಿ ಆಗಸ್ಟ್ 12ರಂದು ಅಮೆರಿಕ ದೇಶದ ಅರಿಜೋನಾ ಮರುಭೂಮಿಯಲ್ಲಿ ಆಂಟಿಲೋಪ್ ಎಂಬ ಸೀಳುಕಮರಿಯೊಳಗೆ ಇಳಿದಿದ್ದ ಹನ್ನೊಂದು ಮಂದಿ ಯಾತ್ರಿಕರು ಹಠಾತ್ತಾಗಿ ನುಗ್ಗಿದ ನೀರಿಗೆ ಸಿಕ್ಕಿ ಸತ್ತರು. ಅವರಿದ್ದ ಕಡೆಯಲ್ಲಿ ಹೇಳಿಕೊಳ್ಳುವಂಥ ಮಳೆಯಿರಲಿಲ್ಲ. ಹಲವು ಮೈಲಿಗಳಾಚೆ ಬಿರುಮಳೆ ಸುರಿದು, ಗಟ್ಟಿನೆಲ ಅದನ್ನು ಕುಡಿಯಲಾರದೆ, ಅಷ್ಟೂ ನೀರು ಆಳಗಲದ ಆ ಸೀಳಿಗೆ ಬಂದು ಬಿತ್ತು. ವಿಶಾಲವಾದ ಬಯಲಿನಲ್ಲಿ ಒಂದು ಗೇಣು ನಿಲ್ಲುವ ನೀರು ಅಂಥ ಸೀಳಿನಲ್ಲಿ ಆಳೆತ್ತರ ಮೀರಿ ಏಳುತ್ತದೆ; ಗೋಡೆಗಳು ನುಣುಪಾಗಿರುವುದರಿಂದ ಹತ್ತಿಕೊಳ್ಳುವುದಕ್ಕೂ ಹಿಡಿಯಿಲ್ಲ. ಕೊಲ್ಲುವ ನೀರು ಬರುವುದು ನಮ್ಮ ತಲೆಯ ಮೇಲಿನ ಆಕಾಶದಿಂದಲ್ಲ, ನಮಗೆ ಕಾಣದ ಬೇರೊಂದು ಆಕಾಶದಿಂದ.

ನಮ್ಮದು ಮರುಭೂಮಿಯಲ್ಲ. ಆದರೂ ಈ ವಿಚಾರದಲ್ಲಿ ಮಂಡ್ಯದ ಸೀಮೆ ಅರಿಜೋನಾಕ್ಕೆ ದೂರದ ನೆಂಟನೇ ಸರಿ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಕಾವೇರಿ ಹುಟ್ಟುವ ಭಾಗಮಂಡಲದ ಕಡೆಯಲ್ಲಿ ಬೀಳುವುದು ಇದರ ಹಲವು ಮಡಿ. ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಮೂರು ನದಿಗಳು ಕೂಡುತ್ತವೆ: ಕೊಡಗಿನಿಂದ ಕಾವೇರಿ, ಬ್ರಹ್ಮಗಿರಿಯಿಂದ ಲಕ್ಷ್ಮಣತೀರ್ಥ, ಮೂಡಿಗೆರೆಯ ಬೆಟ್ಟಗಳಿಂದ ಹೇಮಾವತಿ. ಅಂದರೆ ಶ್ರೀರಂಗಪಟ್ಟಣದಲ್ಲಿ ಹೊಳೆಗಿಳಿಯುವವನ ಮೇಲೆ ಮೂರು ಆಕಾಶಗಳ ಅಧಿಕಾರವಿದೆ. ಅವುಗಳಲ್ಲಿ ಒಂದೂ ಅವನ ಕಣ್ಣಿಗೆ ಬೀಳುವುದಿಲ್ಲ. ನಾಗಮಂಗಲದ ಕಡೆಯಿಂದ ಬಂದು ಕರಿಘಟ್ಟದ ಬಳಿ ಕಾವೇರಿಯನ್ನು ಸೇರುವ ಲೋಕಪಾವನಿಯ ರೀತಿ ಬೇರೆ. ಅದು ಊರಮಳೆಯ ಹೊಳೆ. ಬೇಸಗೆಯಲ್ಲಿ ಮರಳು, ಗುಡುಗುಮಳೆಯಾದ ರಾತ್ರಿ ನೀರು.

ಈ ನೆಲದ ಇಂಥ ಗುಣವನ್ನು ತಿಳಿಯದೆ ಬಂದವರಲ್ಲಿ ಪ್ರಸಿದ್ಧನಾದವನು ಲಾರ್ಡ್ ಕಾರ್ನ್‌ವಾಲಿಸ್. 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಆತನು ಮೇ ತಿಂಗಳ ಮೊದಲಿನಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹೊರಟನು. ಚನ್ನಪಟ್ಟಣದ ದಾರಿಯಲ್ಲಿ ಹುಲ್ಲು ಧಾನ್ಯ ದೊರಕದಂತೆ ಟಿಪ್ಪು ಸುಲ್ತಾನನು ಮಾಡಿದ್ದುದರಿಂದ ಕಾನಕಾನಹಳ್ಳಿಯ, ಎಂದರೆ ಈಗಿನ ಕನಕಪುರದ, ಕಾಡುದಾರಿಯನ್ನು ಹಿಡಿದು 13ನೆಯ ತಾರೀಖು ಅರಕೆರೆಗೆ ಬಂದನು. ಅಲ್ಲಿ ಹೊಳೆ ಹಾಯಬೇಕೆಂಬುದು ಅವನ ಯೋಚನೆ. ಕಾವೇರಿ ಆಗಲೇ ಏರಿತ್ತು, ತಳವೆಲ್ಲ ಬಂಡೆ, ಭಾರಿಯ ಫಿರಂಗಿಗಳನ್ನು ದಾಟಿಸುವುದು ಸಾಧ್ಯವಾಗಲಿಲ್ಲ. 14ರ ರಾತ್ರಿ ಟಿಪ್ಪುವಿನ ಸೈನ್ಯದ ಮೇಲೆ ಕತ್ತಲಲ್ಲಿ ಬೀಳಬೇಕೆಂದು ಹೊರಟ ದಂಡು ಗುಡುಗು ಮಿಂಚಿನ ಮಳೆಗೆ ಸಿಕ್ಕಿ ದಾರಿ ತಪ್ಪಿ ಚದರಿತು. ಮರುದಿನದ ಯುದ್ಧದಲ್ಲಿ ಗೆಲವು ಅವನದಾದರೂ ನದಿ ಮಾತ್ರ ಹಾಗೆಯೇ ನಡುವೆ ಉಳಿಯಿತು. ದ್ವೀಪವನ್ನು ಬಳಸಿಕೊಂಡು ಮೇಲುಗಡೆಗೆ ಹೋಗಿ ಕನ್ನಂಬಾಡಿಯಲ್ಲಿ ದಾಟೋಣವೆಂದು ನಡೆದನು.

ಕನ್ನಂಬಾಡಿಯನ್ನು ಮುಟ್ಟುವ ವೇಳೆಗೆ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದುವು. ಫಿರಂಗಿಗಳನ್ನು ಮನುಷ್ಯರೇ ಎಳೆಯಬೇಕಾಯಿತು. ಪಾಳೆಯದಲ್ಲಿ ಸಿಡುಬು ಹಬ್ಬಿತು. ಮಲೆಯಾಳದ ಕಡೆಯಿಂದ ಬಂದು ಪಿರಿಯಾಪಟ್ಟಣದಲ್ಲಿ ಕಾದಿದ್ದ ಅಬರ್‌ಕ್ರಾಂಬಿಯ ದಂಡಿಗೆ ಹಿಂದಿರುಗಬೇಕೆಂದು ಹೇಳಿಕಳುಹಿಸಿ, ಮೇ 22ರಂದು ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಕೆಡಿಸಿ, 26ರಂದು ಕಾರ್ನ್‌ವಾಲಿಸನು ಬೆಂಗಳೂರಿನ ಕಡೆಗೆ ತಿರುಗಿದನು. ಹೊರಟ ದಿನವೇ ಕುದುರೆ ಸವಾರರ ಗುಂಪೊಂದು ಎದುರಾಯಿತು. ಶತ್ರುಗಳೆಂದು ಭ್ರಮಿಸಿದವರಿಗೆ ಅವರು ಮಿತ್ರರಾದ ಮರಾಠರೆಂದು ತಿಳಿದುಬಂತು. ಮರಾಠರ ದೊಡ್ಡ ಸೈನ್ಯ ಧಾನ್ಯಸಹಿತವಾಗಿ ಮೇಲುಕೋಟೆಯ ಸೀಮೆಗೆ ಬಂದಿತ್ತು. ದೂತರೆಲ್ಲ ಟಿಪ್ಪುವಿನ ಕೈಗೆ ಸಿಕ್ಕಿದ್ದರಿಂದ ಸುದ್ದಿ ಮಾತ್ರ ಬಂದಿರಲಿಲ್ಲ.

ಆ ವರ್ಷ ಪಟ್ಟಣವನ್ನು ಕಾಪಾಡಿದ್ದು ಮಳೆಯೆಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ನಾವೂ ಅಂಕಗಳನ್ನು ಕೊಡುತ್ತೇವೆ. ಆದರೆ ನಮಗೆ ತೋರುವ ಮಟ್ಟಿಗೆ ಅವನನ್ನು ಸೋಲಿಸಿದ್ದು ಮಳೆಗಿಂತ ಹೆಚ್ಚಾಗಿ ಅಜ್ಞಾನ. ಮೇಲಣ ಹೊಳೆಯಲ್ಲಿ ಏನಾಗುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ; ಉತ್ತರದ ಬೆಟ್ಟದಾಚೆ ಯಾರು ಬಂದಿದ್ದಾರೆ ಎಂಬುದೂ ಗೊತ್ತಿರಲಿಲ್ಲ. ಇವೆರಡರಲ್ಲಿ ಒಂದು ತಿಳಿದಿದ್ದರೂ ಫಿರಂಗಿಗಳು ಉಳಿಯುತ್ತಿದ್ದುವೋ ಏನೋ.

ಎಂಟು ವರ್ಷಗಳ ಮೇಲೆ ಬಂದ ಜನರಲ್ ಹ್ಯಾರಿಸನು ಈ ಪಾಠವನ್ನು ಕಲಿತು ಬಂದಿದ್ದನು. ಅವನು 1799ರ ಮಾರ್ಚಿ ಕೊನೆಯಲ್ಲಿಯೇ, ಯಾರೂ ಎದುರುನೋಡದ ಸೋಸಲೆಯ ಬಳಿ ಕಾವೇರಿಯನ್ನು ಹಾಯ್ದು, ಏಪ್ರಿಲ್ 5ರಂದು ಪಟ್ಟಣದ ಪಶ್ಚಿಮಕ್ಕೆ ಬಂದು ಇಳಿದನು. ಅವನಿಗೂ ಅಕ್ಕಿ ಸಾಲದೆ ಬಂತು. ಹಿಂದೆ ಹಸಿವು, ಮುಂದೆ ಮುಂಗಾರು. ಇವೆರಡರ ನಡುವೆ ಉಳಿದಿದ್ದುದು ಕೆಲವು ವಾರಗಳು ಮಾತ್ರ. ಟಿಪ್ಪುವಿನ ಎಣಿಕೆಯೂ ಇದೇ ಆಗಿತ್ತೆಂದು ಊಹಿಸಬಹುದು. ಹೊಳೆ ಏರುವವರೆಗೆ ಕೋಟೆ ನಿಂತರೆ ಸಾಕಾಗಿತ್ತು.

ಮೇ 3ರ ವೇಳೆಗೆ ಗೋಡೆಯಲ್ಲಿ ಬಿರುಕು ಬಿದ್ದಿತು. ಆ ರಾತ್ರಿ ನಡೆದ ಒಂದು ಸಣ್ಣ ಕೆಲಸವನ್ನು ನಮ್ಮ ಪಠ್ಯಪುಸ್ತಕಗಳು ಬಿಟ್ಟುಬಿಡುತ್ತವೆ. ಲಾಲರ್, ಫಾರ್ಕ್ಯುಹರ್ ಎಂಬ ಇಬ್ಬರು ಕಿರಿಯ ಅಧಿಕಾರಿಗಳು ಕತ್ತಲಲ್ಲಿ ಹೊಳೆಗಿಳಿದು, ನೀರು ಎಲ್ಲಿ ಎಷ್ಟಿದೆ, ಬಂಡೆ ಎಲ್ಲಿ ಕಾಲಿಗೆ ಸಿಕ್ಕುತ್ತದೆ, ಆಚೆಯ ದಡದ ಕಟ್ಟೆಯನ್ನು ಹತ್ತಲಾಗುತ್ತದೆಯೇ ಎಂಬುದನ್ನು ಮೈಯಿಂದಲೇ ಅಳೆದು ಹಿಂದಿರುಗಿದರು. ಮರುದಿನ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಬೇರ್ಡನ ನಾಯಕತ್ವದಲ್ಲಿ ದಂಡು ಹೊಳೆಗಿಳಿದಾಗ ಲಾಲರನು ದಾರಿ ತೋರಿಸುತ್ತ ಮುಂದೆ ನಡೆದನು. ಅಲ್ಲಿ ಪಾತ್ರದ ಅಗಲ ಸುಮಾರು 280 ಗಜ. ಪಾಚಿಹಿಡಿದು ಜಾರುವ ಬಂಡೆಗಳು. ನೀರು ಹರಡಿನಿಂದ ನಡುವಿನವರೆಗೆ. ಮೇಲಿನಿಂದ ಗುಂಡಿನ ಮಳೆ. ಅಷ್ಟಾದರೂ ಕೆಲವೇ ನಿಮಿಷಗಳಲ್ಲಿ ಬಿರುಕಿನ ಮೇಲೆ ಅವರ ಬಾವುಟವೆದ್ದಿತು. ಸಂಜೆಯೊಳಗೆ ಸುಲ್ತಾನನು ಕೋಟೆಯೊಳಗೆ ಹೋರಾಡುತ್ತ ಮಡಿದನು. ಅವನನ್ನು ಗುಂಬಜ಼ಿನಲ್ಲಿ ಮಣ್ಣುಮಾಡಿದ ಮೇ 5ರ ಸಂಜೆ ಭಯಂಕರವಾದ ಗುಡುಗುಮಳೆ ಬಂದು, ಸಿಡಿಲಿಗೆ ಇಂಗ್ಲಿಷರ ಪಾಳೆಯದಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಜನರು ಇದನ್ನು ಬೇರೆ ಬೇರೆ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದಾರೆ. ಋತು ತಿರುಗುವುದಕ್ಕೆ ಎಷ್ಟು ಕಡಮೆ ದಿನಗಳು ಉಳಿದಿದ್ದುವೆಂಬುದು ನಮಗೆ ಇದರಿಂದ ಕಾಣುವ ಅರ್ಥ.

ಅಲ್ಲಿಂದ ಮುಂದೆ ಪೂರ್ಣಯ್ಯನವರ ಆಡಳಿತದಲ್ಲಿ, 1804ರ ವೇಳೆಗೆ, ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯಾಯಿತು. ಹೊಳೆಯನ್ನು ಕಾಲಿನಿಂದ ಅಳೆಯುವ ವಿದ್ಯೆ ಅಂಬಿಗರಿಗೂ ಬೆಸ್ತರಿಗೂ ಉಳಿಯಿತು. ಅವರ ಲೆಕ್ಕ ನಕ್ಷತ್ರಗಳ ಲೆಕ್ಕ: ರೋಹಿಣಿಯಲ್ಲಿ ಅನುಮಾನ, ಮೃಗಶಿರೆಯಲ್ಲಿ ಹೊಸನೀರು, ಆರಿದ್ರೆಯಲ್ಲಿ ಕೆನ್ನೀರು, ಅಲ್ಲಿಂದಾಚೆಗೆ ಹರಿಗೋಲಿಲ್ಲದೆ ಹೊಳೆಯ ಮಾತೇ ಇಲ್ಲ.

ಈ ಲೆಕ್ಕ ಈಗ ನಡೆಯದು. ಕಾರ್ನ್‌ವಾಲಿಸನು ದಾಟಲಾರದೆ ನಿಂತ ಕನ್ನಂಬಾಡಿಯ ಸಮೀಪದಲ್ಲಿಯೇ 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಮೊದಲಾಗಿ ಸುಮಾರು ಇಪ್ಪತ್ತು ವರ್ಷಗಳಲ್ಲಿ ಮುಗಿಯಿತು. ಆ ಪ್ರದೇಶದಲ್ಲಿ ಅಣೆಯೊಂದಕ್ಕೆ ಟಿಪ್ಪುವೂ ಅಸ್ತಿಭಾರ ಹಾಕಿಸಿದ್ದನೆಂಬುದಕ್ಕೆ ಅವನ ಪಾರಸಿ ಶಾಸನ ಸಾಕ್ಷಿಯಾಗಿದೆ. ಹಳೆಯ ಕನ್ನಂಬಾಡಿ ನೀರಿನಡಿಗೆ ಹೋಯಿತು. ಮೂರು ನದಿಗಳ ನೀರು 124.80 ಅಡಿಯ ಅಳತೆಯೊಳಗೆ ನಿಂತಿತು. ಮಂಡ್ಯದ ಗದ್ದೆಗಳಿಗೆ ಅನ್ನ ಬಂದದ್ದು ಅದರಿಂದಲೇ. ಆದರೆ ಅಣೆಯ ಕೆಳಗಣ ಹೊಳೆಗೆ ಅಂದಿನಿಂದ ಋತುಗಳ ಮೇಲೆ ಬಾಗಿಲುಗಳ ಅಧಿಕಾರವೂ ಬಂದಿತು. ಆರಿದ್ರೆಯಲ್ಲಿ ಬಂಡೆಗಳು ಒಣಗಿರಬಹುದು. ಮೋಡವಿಲ್ಲದ ದಿನ ಬಾಗಿಲು ತೆರೆದು ನೀರೇಳಬಹುದು. ಹೆಚ್ಚು ನೀರು ಬಿಡುವ ಮುನ್ನ ದಡದ ಗ್ರಾಮಗಳಿಗೆ ಎಚ್ಚರಿಕೆ ಕೊಡುವ ಕ್ರಮವುಂಟು. 2018, 2019ರ ಆಗಸ್ಟ್ ತಿಂಗಳುಗಳಲ್ಲಿ ಹೊಳೆ ಏರಿದಾಗ ರಂಗನತಿಟ್ಟಿನಲ್ಲಿ ದೋಣಿಗಳನ್ನೂ ನಿಲ್ಲಿಸಿದ್ದರು. ಆದರೆ ಬಲಮುರಿಯಲ್ಲಿ ಈಜಲು ಇಳಿಯುವ ಪಟ್ಟಣದ ಹುಡುಗನು ದಡದ ಗ್ರಾಮದವನಲ್ಲ. ಟಾಂಟಾಂ ಅವನ ಕಿವಿಯನ್ನು ಮುಟ್ಟುವುದಿಲ್ಲ. ಹಳೆಯ ಎಚ್ಚರ ಅಳಿದು ಹೊಸ ಎಚ್ಚರ ಇನ್ನೂ ರೂಢಿಗೆ ಬಾರದ ಈ ಸಂಧಿಕಾಲದಲ್ಲಿಯೇ ಪ್ರತಿವರ್ಷವೂ ಎಳೆಯ ಜೀವಗಳು ಹೋಗುತ್ತಿವೆ. ಪಾಠದ ಕೋಣೆಯಲ್ಲಿ ಹಾಜರಿ ಕೂಗುವ ನಮ್ಮಂಥವರಿಗೆ ಇದು ಅಂಕಿಯ ವಿಷಯವಲ್ಲ.

ಈ ನೀರು ಕೆಳಗೆ ಹರಿದು, ಕಬಿನಿಯನ್ನೂ ಶಿಂಷೆಯನ್ನೂ ಕೂಡಿಕೊಂಡು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯನ್ನು ಸೇರಿಸಿಕೊಂಡು, ಅಲ್ಲಿಂದ ಎರಡೂವರೆ ಮೈಲಿಯ ಕೆಳಗೆ ಮೇಕೆದಾಟಿನ ಕಮರಿಗೆ ಬೀಳುತ್ತದೆ. ಕನ್ನಡನಾಡಿನಲ್ಲಿ ಆ ಅರಿಜೋನಾದ ಸೀಳಿಗೆ ಹತ್ತಿರದ ಹೋಲಿಕೆಯನ್ನು ನಾವು ಕಂಡಿರುವುದು ಅಲ್ಲಿಯೇ. 280 ಗಜದಲ್ಲಿ ಹರಡಿ ಹರಿದ ನದಿ ಕೆಲವೇ ಗಜಗಳಿಗೆ ಕುಗ್ಗಿ, ಕಲ್ಲನ್ನು ಕೊರೆದು, ಒರಳಿನಂಥ ಗುಂಡಿಗಳನ್ನು ತೋಡಿ, ಹೆಬ್ಬಂಡೆಗಳ ನಡುವೆ ಕಪ್ಪಗೆ ಓಡುತ್ತದೆ. ಮೇಲಿನಿಂದ ನೋಡಿದರೆ ನೀರು ಮೌನವಾಗಿರುತ್ತದೆ; ಆ ಮೌನವನ್ನು ನಂಬಬಾರದು.

ಕೆಲವು ವರ್ಷಗಳ ಕೆಳಗೆ ನಾವು ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಬಿಸಿಲು ಚೆನ್ನಾಗಿತ್ತು, ನೀರಂಚಿನ ಮರಳಿನಲ್ಲಿ ಬುತ್ತಿ ಬಿಚ್ಚಿದೆವು. ಬಲೆ ಹೊತ್ತು ಬಂದ ವಯಸ್ಸಾದ ಬೆಸ್ತರೊಬ್ಬರು, “ಏನ್ ಸ್ವಾಮಿ, ಮಕ್ಕಳನ್ನ ಹೊಳೆಯ ಹಾಸಿಗೆ ಮೇಲೆ ಕೂರಿಸಿದ್ದೀರಿ, ಅದು ಎದ್ದು ಬಂದರೆ ಏನು ಹೇಳ್ತೀರಿ?” ಎಂದರು. ನಾವು ಆಕಾಶವನ್ನು ತೋರಿಸಿದೆವು. ಅವರು ನಕ್ಕು, ನಮ್ಮ ತಲೆಗಿಂತ ಎತ್ತರದಲ್ಲಿ ಬಂಡೆಯ ಸಂದಿಗೆ ಸಿಕ್ಕಿಕೊಂಡಿದ್ದ ಕಸಕಡ್ಡಿಯನ್ನು ತೋರಿಸಿದರು. ಹೋದ ನೀರು ತನ್ನ ಎತ್ತರವನ್ನು ಅಲ್ಲಿ ಬರೆದಿಟ್ಟು ಹೋಗಿತ್ತು. ಶಾಸನಗಳನ್ನು ಓದುವುದನ್ನು ಕಲಿಸುವ ನಾವು ಅದನ್ನು ಓದಿರಲಿಲ್ಲ.

ಆ ದಿನ ಅವರಿಂದ ನಾವು ಕೇಳಿ ತಿಳಿದ ಸಂಗತಿಗಳು ಹಲವು. ಕಮರಿಗೆ ಇಳಿಯುವ ಮುನ್ನ ಮೇಲೂರಿನವರನ್ನು ಕೇಳಬೇಕು. ಈಗಿನ ಕಾಲಕ್ಕೆ ಅಣೆಯಿಂದ ಎಷ್ಟು ನೀರು ಬಿಟ್ಟಿದ್ದಾರೆಂಬುದನ್ನೂ ಕೇಳಬೇಕು. ಹತ್ತಿಕೊಳ್ಳುವ ಜಾಗಗಳನ್ನು ಇಳಿಯುವಾಗಲೇ ನೋಡಿಟ್ಟುಕೊಂಡು, ಕಸದ ಗೆರೆಯ ಮೇಲಕ್ಕೆ ದಾರಿಯಿಲ್ಲದ ಸೀಳಿನೊಳಗೆ ಕಾಲಿಡಬಾರದು. ನಡೆಯುವಾಗ ನೀರಂಚಿನಲ್ಲಿ ಒಂದು ಕಲ್ಲನ್ನು ಗುರುತಿಟ್ಟು ಆಗಾಗ ನೋಡುತ್ತಿರಬೇಕು. ತಿಳಿನೀರು ಬಣ್ಣ ತಿರುಗಿದರೆ, ಎಲೆ ಕಡ್ಡಿ ನೊರೆ ತೇಲಿಬಂದರೆ, ಹೊಳೆಯ ಸದ್ದು ದಪ್ಪವಾದರೆ, ಬುತ್ತಿ ಬಟ್ಟೆ ಬಿಟ್ಟು ಮೇಲಕ್ಕೆ ಹತ್ತಬೇಕು. ಬಂದ ದಾರಿಯಲ್ಲಿ ಓಡಬಾರದು. ನೀರಿನ ಓಟವನ್ನು ಗೆದ್ದವರಿಲ್ಲ. ಒರಳುಗುಂಡಿಯ ಆಳವನ್ನು ಕಣ್ಣಿನಿಂದ ಅಳೆಯಬಾರದು. ಜಾರಿದವನ ಹಿಂದೆ ಹಾರುವುದಕ್ಕಿಂತ ಹಗ್ಗವನ್ನೋ ಪಂಚೆಯನ್ನೋ ಎಸೆಯುವುದು ಮೇಲು, ಏಕೆಂದರೆ ಒಬ್ಬನು ಹೋಗಬೇಕಾದಲ್ಲಿ ಮೂವರು ಹೋಗುವುದು ಹೀಗೆಯೇ.

ಇದನ್ನು ಬರಿಯ ಹಳ್ಳಿಯ ಮಾತೆಂದು ತಳ್ಳುವವರಿಗಾಗಿ ಇನ್ನೊಂದು ಉದಾಹರಣೆ. ಜೋರ್ಡಾನ್ ದೇಶದ ಪೆಟ್ರಾ ನಗರಕ್ಕೆ ಹೋಗುವ ಹೆಬ್ಬಾಗಿಲು ಮುಕ್ಕಾಲು ಮೈಲಿ ಉದ್ದದ ಒಂದು ಸೀಳುಕಮರಿ. ಅದಕ್ಕೆ ಸೀಕ್ ಎಂದು ಹೆಸರು. ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದ ನಬಟೀಯರು ಕಮರಿಯ ಬಾಯಲ್ಲಿ ಅಣೆ ಕಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು, ಪ್ರವಾಹವನ್ನು ಪಕ್ಕಕ್ಕೆ ತಿರುಗಿಸಿದ್ದರು. ಕಾಲಕ್ರಮದಲ್ಲಿ ಆ ಅಣೆ ಹಾಳಾಯಿತು. ಅದು ಏತಕ್ಕಿತ್ತೆಂಬುದೂ ಮರೆತುಹೋಯಿತು. 1963ರ ಏಪ್ರಿಲಿನಲ್ಲಿ ಆ ಸೀಳಿನೊಳಗೆ ನೀರು ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಯಾತ್ರಿಕರು ಸತ್ತರು. ಅದಾದ ಮೇಲೆ ಹಳೆಯ ಜಾಗದಲ್ಲಿಯೇ ಅಣೆಯನ್ನು ಮತ್ತೆ ಕಟ್ಟಿದರು.

ಮೇಕೆದಾಟಿನಲ್ಲಿ ಅಂದು ನಾವು ಬುತ್ತಿಯನ್ನು ಕಟ್ಟಿಕೊಂಡು ಮೇಲಿನ ಮರದ ನೆರಳಿಗೆ ಹೋದೆವು. ಊಟ ಮುಗಿಯುವ ಹೊತ್ತಿಗೆ ನಾವು ಕುಳಿತಿದ್ದ ಮರಳಿನ ಅಂಚು ಒದ್ದೆಯಾಗಿತ್ತು. ಒಂದು ಗೇಣು ಏರಿರಬಹುದು, ಹೆಚ್ಚಲ್ಲ. ವಿದ್ಯಾರ್ಥಿಗಳು ಅದನ್ನು ನೋಡಿ ಮಾತನಾಡಲಿಲ್ಲ. ಆ ವೃದ್ಧರು ಆ ವೇಳೆಗೆ ಬಲೆಯನ್ನು ಹೆಗಲಿಗೇರಿಸಿಕೊಂಡು ಸಂಗಮದ ಕಡೆಗೆ ಹೊರಟುಹೋಗಿದ್ದರು.