ಗಾಳ ಹಾಕೋರಿಗೆ, ಕಾಡು-ಗುಡ್ಡ ಸುತ್ತೋರಿಗೆ ಹಗುರ ಬಹುಕಿಸೆ ವೆಸ್ಟ್: ಕೊಳ್ಳುವ ಮೊದಲು ಏನೇನು ನೋಡಬೇಕು?

ಸಾಗರ: ಗಾಳ ಹಾಕೋಕೆ ಹೊರಟವರ ಕೈ ಎರಡೂ ಖಾಲಿ ಇರೋದಿಲ್ಲ. ಒಂದರಲ್ಲಿ ಕೋಲು, ಇನ್ನೊಂದರಲ್ಲಿ ಎರೆಹುಳದ ಡಬ್ಬಿ. ಉಳಿದ ತಂಗೂಸಿ, ಸೀಸದ ಗುಂಡು, ಕತ್ತರಿ, ಟಾರ್ಚ್, ಮೊಬೈಲ್, ನೀರಿನ ಬಾಟಲಿ ಎಲ್ಲವೂ ಒಂದೇ ಪ್ಲಾಸ್ಟಿಕ್ ಕೊಟ್ಟೆಯೊಳಗೆ. ಬೇಕಾದಾಗ ಬೇಕಾದ್ದು ಸಿಗೋದಿಲ್ಲ, ಬಗ್ಗಿದಾಗ ಅಂಗಿ ಕಿಸೆಯ ಮೊಬೈಲ್ ಸೀದಾ ನೀರಿಗೆ. ಈ ತಾಪತ್ರಯಕ್ಕೆ ಪರಿಹಾರವಾಗಿ ಈಗ ಬಹಳ ಮಂದಿ ಹುಡುಕುತ್ತಿರುವುದು ತೋಳಿಲ್ಲದ, ಹಲವು ಕಿಸೆಗಳ ಹಗುರ ವೆಸ್ಟ್.

ಇದು ಗಾಳದವರಿಗೆ ಮಾತ್ರ ಅಂತೇನಿಲ್ಲ. ಗುಡವಿ, ಮಂಡಗದ್ದೆಗೆ ಹಕ್ಕಿ ನೋಡಲು ಹೋಗುವವರು, ಫೋಟೊಗ್ರಾಫರ್‌ಗಳು, ಸರ್ವೆ ಕೆಲಸದವರು, ವೈರಿಂಗ್ ಕೆಲಸದವರು, ತೋಟದಲ್ಲಿ ದಿನವಿಡೀ ಓಡಾಡುವವರಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಚಂದ ಕಂಡಿತು ಅಂತ ತಂದದ್ದು ಎರಡೇ ತಿಂಗಳಿಗೆ ಮೂಲೆ ಸೇರುವುದೂ ಉಂಟು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಇದನ್ನೇ ಲೈಫ್ ಜಾಕೆಟ್ ಅಂದುಕೊಳ್ಳುವುದು.

ಮೊದಲ ಮಾತು: ಇದು ಲೈಫ್ ಜಾಕೆಟ್ ಅಲ್ಲ

ನೋಡಲು ಎರಡೂ ಒಂದೇ ಥರ. ತೋಳಿಲ್ಲ, ಮುಂದೆ ಜಿಪ್, ಎದೆಗೆ ಪಟ್ಟಿ. ಆನ್‌ಲೈನ್‌ನಲ್ಲಿ ಎರಡಕ್ಕೂ ‘ಫಿಶಿಂಗ್ ವೆಸ್ಟ್’ ಅಂತಲೇ ಹೆಸರಿರುತ್ತದೆ. ಆದರೆ ಬಹುಕಿಸೆ ವೆಸ್ಟ್ ಬರೀ ಬಟ್ಟೆ. ನೀರಿಗೆ ಬಿದ್ದವರನ್ನು ಅದು ತೇಲಿಸುವುದಿಲ್ಲ, ಬದಲಿಗೆ ತೊಂದರೆಯನ್ನೇ ಕೊಡುತ್ತದೆ. ಕಿಸೆಗೆ ತುಂಬಿದ ನೀರು ನೀರೊಳಗೆ ಭಾರ ಅನ್ನಿಸದಿದ್ದರೂ ಈಜುವಾಗ ಎಳೆದು ಹಿಡಿಯುತ್ತದೆ, ದಡ ಹತ್ತುವಾಗ ಅಷ್ಟೂ ಭಾರ ಮೈಮೇಲೆ ಬೀಳುತ್ತದೆ. ಸೀಸದ ಗುಂಡಿನ ಭಾರ ನೀರಿನಲ್ಲಿ ಕಡಿಮೆಯಾಗುವುದು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ.

ಲೈಫ್ ಜಾಕೆಟ್‌ನ ಒಳಗೆ ತೇಲುವ ಫೋಮ್ ಇರುತ್ತದೆ, ಅಥವಾ ಗಾಳಿ ತುಂಬುವ ಚೀಲ ಇರುತ್ತದೆ. ಅದರ ತೇಲುವ ಶಕ್ತಿಯನ್ನು ನ್ಯೂಟನ್ ಲೆಕ್ಕದಲ್ಲಿ ಒಳಗಿನ ಲೇಬಲ್ ಮೇಲೆ ಬರೆದಿರುತ್ತಾರೆ. ಐಎಸ್‌ಒ 12402 ಮಾನದಂಡದ ಪ್ರಕಾರ 50 ನ್ಯೂಟನ್‌ನದ್ದು ಈಜು ಬರುವವರಿಗೆ, ದಡದ ಹತ್ತಿರ, ನೆರವು ಪಕ್ಕದಲ್ಲೇ ಇರುವ ಕಡೆಗೆ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುವುದಿಲ್ಲ. ಅಲೆ ಕಡಿಮೆ ಇರುವ ಒಳನಾಡು ನೀರಿಗೆ 100 ನ್ಯೂಟನ್, ಸಮುದ್ರಕ್ಕೆ 150 ನ್ಯೂಟನ್. ಹತ್ತು ನ್ಯೂಟನ್ ಅಂದರೆ ಸುಮಾರು ಒಂದು ಕೆಜಿ ಎತ್ತಿ ಹಿಡಿಯುವ ಶಕ್ತಿ. ಲೇಬಲ್ ಮೇಲೆ ನ್ಯೂಟನ್ ಅಂಕಿಯೇ ಇಲ್ಲದಿದ್ದರೆ ಅದನ್ನು ನಂಬಿ ನೀರಿಗಿಳಿಯಬಾರದು. ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಅನುಮೋದನೆ ಇರುವ ಲೈಫ್ ಜಾಕೆಟ್‌ಗಳೂ ಮಾರುಕಟ್ಟೆಯಲ್ಲಿವೆ.

ಶರಾವತಿ ಹಿನ್ನೀರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇವತ್ತಿಗೂ ನೀರಿನಡಿ ನಿಂತಿವೆ. ನೇತಾಡುವ ಪಟ್ಟಿ, ಕೊಕ್ಕೆ, ದಾರ ಅದಕ್ಕೆ ಸಿಕ್ಕಿಕೊಂಡರೆ ಈಜು ಬಲ್ಲವರಿಗೂ ಕಷ್ಟ. ದೋಣಿ, ತೆಪ್ಪ ಹತ್ತುವವರು ಲೈಫ್ ಜಾಕೆಟ್ ತೊಡಬೇಕು, ಸಾಮಾನು ಬೇರೆ ಚೀಲದಲ್ಲಿ ಇಡಬೇಕು. ಎರಡೂ ಬೇಕೇ ಬೇಕು ಅನ್ನುವವರು ಒಳಗೆ ವೆಸ್ಟ್, ಹೊರಗೆ ಫೋಮ್ ಲೈಫ್ ಜಾಕೆಟ್ ಹಾಕಬೇಕು. ಲೈಫ್ ಜಾಕೆಟ್ ಮೇಲೆ ಇನ್ನೊಂದು ವೆಸ್ಟ್ ಬಿಗಿಯಬಾರದು. ಅದರಲ್ಲೂ ಗಾಳಿ ತುಂಬುವ ಜಾಕೆಟ್ ಮೇಲೆ ಏನೂ ಇರಕೂಡದು.

ಹಗುರ ಅಂದರೆ ಎಷ್ಟು ಹಗುರ?

ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಎಲ್ಲವೂ ಹಗುರವೇ. ನೋಡಬೇಕಾದ್ದು ತುಂಬಿದ ಮೇಲಿನ ತೂಕ. ಒಂದು ಲೆಕ್ಕ ಹೀಗಿದೆ:

- ಖಾಲಿ ವೆಸ್ಟ್: 350 ಗ್ರಾಂ
- ಮೊಬೈಲ್: 200 ಗ್ರಾಂ
- ಅರ್ಧ ಲೀಟರ್ ನೀರು: 500 ಗ್ರಾಂ
- ಗಾಳ, ಗುಂಡಿನ ಡಬ್ಬಿ: 250 ಗ್ರಾಂ
- ಇಕ್ಕಳ, ಕತ್ತರಿ: 150 ಗ್ರಾಂ
- ಟಾರ್ಚ್: 100 ಗ್ರಾಂ

ಒಟ್ಟು 1,550 ಗ್ರಾಂ, ಅಂದರೆ ಒಂದೂವರೆ ಕೆಜಿ ದಾಟಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಇಷ್ಟು ಭಾರ ಭುಜದ ಮೇಲೆ ಇರುತ್ತದೆ. ಹಾಗಾಗಿ ವೆಸ್ಟ್‌ನ ತೂಕದಷ್ಟೇ ಮುಖ್ಯ ಭುಜದ ಪಟ್ಟಿಯ ಅಗಲ. ಪಟ್ಟಿ ಕಿರಿದಾದರೆ ಕತ್ತಿನ ಬುಡ ಕೊರೆಯುತ್ತದೆ. ಮೂರು ಬೆರಳಾದರೂ ಅಗಲ ಇರಲಿ, ಒಳಗೆ ತೆಳು ಮೆತ್ತೆ ಇದ್ದರೆ ಇನ್ನೂ ಒಳ್ಳೆಯದು. ಭಾರ ಎಡ-ಬಲ ಸಮ ಇರಬೇಕು. ನೀರಿನ ಬಾಟಲಿ ಒಂದು ಕಡೆಯಾದರೆ ಡಬ್ಬಿ, ಇಕ್ಕಳ ಇನ್ನೊಂದು ಕಡೆ.

ಬಟ್ಟೆ ಯಾವುದು?

ಹತ್ತಿ: ಬಿಸಿಲಿಗೆ ಹಿತ, ಮೈಗೆ ಮೆತ್ತಗೆ. ಆದರೆ ನೀರು ಕುಡಿದು ಭಾರವಾಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಬಯಲು ಸೀಮೆಗೆ, ಬೇಸಿಗೆಗೆ ಸರಿ.

ಪಾಲಿಯೆಸ್ಟರ್: ನೀರು ಹೀರುವುದು ತೀರಾ ಕಡಿಮೆ, ಬೇಗ ಒಣಗುತ್ತದೆ, ಬಣ್ಣ ಸುಲಭಕ್ಕೆ ಹೋಗುವುದಿಲ್ಲ. ದಪ್ಪ ನೇಯ್ಗೆಯದಾದರೆ ಸೆಕೆ.

ನೈಲಾನ್: ತಿಕ್ಕಾಟಕ್ಕೆ ಗಟ್ಟಿ, ಮುಳ್ಳಿಗೆ ಬೇಗ ಹರಿಯುವುದಿಲ್ಲ. ಬಹಳ ದಿನ ಬಿಸಿಲಿಗೆ ಬಿದ್ದರೆ ಬಲ ಕಳೆದುಕೊಳ್ಳುತ್ತದೆ.

ಬೆನ್ನಿಗೆ ಬಲೆ ಬಟ್ಟೆ ಇರುವ ವೆಸ್ಟ್ ಗಾಳಿಯಾಡಲು ಒಳ್ಳೆಯದು. ಆದರೆ ಲಂಟಾನ, ಸೀಗೆಮುಳ್ಳು, ಬಿದಿರಿನ ಮಟ್ಟಿಯೊಳಗೆ ನುಗ್ಗುವವರಿಗೆ ಅಗಲ ಕಣ್ಣಿನ ಬಲೆ ಬೇಡ, ಹೋದಲ್ಲೆಲ್ಲ ಸಿಕ್ಕಿ ಹರಿಯುತ್ತದೆ. ಕಣ್ಣು ಸಣ್ಣದಿರುವುದನ್ನು ಆರಿಸಬೇಕು. ಬಟ್ಟೆಯ ಒಳಬದಿಗೆ ರಬ್ಬರಿನಂಥ ಲೇಪ ಇದ್ದರೆ ಅದು ಥಂಡಿಗೆ ಕಾಲಕ್ರಮೇಣ ಅಂಟಂಟಾಗಿ ಸುಲಿಯುತ್ತದೆ ಎಂಬುದೂ ನೆನಪಿರಲಿ.

ಕಿಸೆ: ಎಣಿಕೆಗಿಂತ ಜಾಗ ಮುಖ್ಯ

ಹದಿನೆಂಟು ಕಿಸೆ, ಇಪ್ಪತ್ತು ಕಿಸೆ ಅಂತ ಜಾಹೀರಾತು ಇರುತ್ತದೆ. ದಿನಬಳಕೆಗೆ ಆರರಿಂದ ಎಂಟು ಒಳ್ಳೆ ಕಿಸೆ ಸಾಕು. ಎಲ್ಲಿದೆ, ಹೇಗೆ ಮುಚ್ಚುತ್ತದೆ ಅನ್ನುವುದೇ ಲೆಕ್ಕ.

- ಎದೆಯ ಒಳಗಿನ ಕಿಸೆ: ಮೊಬೈಲ್, ದುಡ್ಡು, ಲೈಸೆನ್ಸ್. ಜಿಪ್ ಇರಲೇಬೇಕು. ಮೊಬೈಲನ್ನು ಜಿಪ್‌ಲಾಕ್ ಕವರ್‌ನಲ್ಲಿ ಹಾಕಿಟ್ಟರೆ ಮಳೆ, ಬೆವರು ಎರಡರಿಂದಲೂ ಬಚಾವ್.
- ಎದೆಯ ಹೊರಗಿನ ಸಣ್ಣ ಕಿಸೆ: ಗಾಳದ ಡಬ್ಬಿ. ಬಿಡಿ ಗಾಳ ಕಿಸೆಗೆ ಹಾಕಬಾರದು. ಕೈ ಹಾಕಿದಾಗ ಬೆರಳಿಗೆ ಚುಚ್ಚಿದರೆ ಮುಳ್ಳು ಹಿಂದಕ್ಕೆ ಬರುವುದಿಲ್ಲ.
- ಕೆಳಗಿನ ದೊಡ್ಡ ಕಿಸೆ: ನೀರು, ಟಾರ್ಚ್. ಕಿಸೆಯ ತಳದಲ್ಲಿ ನೀರು ಬಸಿಯಲು ಸಣ್ಣ ರಂಧ್ರ ಇದೆಯೇ ನೋಡಿ.
- ಬೆನ್ನ ಹಿಂದಿನ ದೊಡ್ಡ ಕಿಸೆ: ಮಡಿಚಿದ ರೇನ್‌ಕೋಟ್, ತಿಂಡಿ. ಬೈಕಿನಲ್ಲಿ ಹೋಗುವವರು ಇಲ್ಲಿ ಗಟ್ಟಿ ವಸ್ತು ಇಡಬಾರದು, ಬಿದ್ದರೆ ಬೆನ್ನುಮೂಳೆಗೆ ಪೆಟ್ಟು.
- ಒಂದು ಚಿಕ್ಕ ಕಿಸೆ ಉಂಬಳಕ್ಕೆ ಮೀಸಲು: ಉಪ್ಪಿನ ಪೊಟ್ಟಣ ಅಥವಾ ನಶ್ಯ.

ಸೀಸದ ಗುಂಡು ಮತ್ತು ತಿಂಡಿ ಒಂದೇ ಕಿಸೆಯಲ್ಲಿ ಇಡುವುದು ಬೇಡ. ಗುಂಡನ್ನು ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸ ಹಲವರಿಗಿದೆ. ಸೀಸ ವಿಷ, ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ಇಕ್ಕಳ ಬಳಸಬೇಕು, ಊಟಕ್ಕೆ ಮೊದಲು ಕೈ ತೊಳೆಯಬೇಕು.

ಜಿಪ್, ಗುಂಡಿ, ವೆಲ್ಕ್ರೋ

ಲೋಹದ ಜಿಪ್ ತೇವಕ್ಕೆ ಕಿಲುಬು ಹಿಡಿದು ಕಚ್ಚಿಕೊಳ್ಳುತ್ತದೆ. ಕರಾವಳಿಗೆ ಹೋಗಿ ಗಾಳ ಹಾಕುವವರಿಗೆ ಉಪ್ಪುನೀರಿನಿಂದ ಇನ್ನೂ ಬೇಗ. ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್ ವಾಸಿ. ವೆಲ್ಕ್ರೋ ತೆಗೆಯಲು ಸುಲಭ, ಆದರೆ ಕೆಸರು, ಹುಲ್ಲಿನ ಬೀಜ ತುಂಬಿದರೆ ಹಿಡಿಯುವುದಿಲ್ಲ. ಹಕ್ಕಿ ನೋಡುವವರಿಗೆ ಅದರ ಪರಪರ ಸದ್ದೇ ಶತ್ರು. ಒದ್ದೆ ಕೈಯಲ್ಲೂ ತೆರೆಯಲು ಬರುವಂತೆ ಜಿಪ್ ತುದಿಗೆ ಸಣ್ಣ ದಾರ ಕಟ್ಟಿಕೊಂಡರೆ ಅನುಕೂಲ.

ಅಳತೆ: ಅಂಗಡಿಯಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆ

1. ಎದೆ ಸುತ್ತಳತೆಗಿಂತ ನಾಲ್ಕು ಇಂಚಾದರೂ ಸಡಿಲ ಇರಲಿ. ಚಳಿಯಲ್ಲಿ ಸ್ವೆಟರ್ ಮೇಲೆ ಹಾಕಬೇಕಾಗುತ್ತದೆ.
2. ಮೊಬೈಲ್ ಕಿಸೆಗೆ ಹಾಕಿ, ಕಾಲು ಮುಟ್ಟುವಷ್ಟು ಬಗ್ಗಿ. ಜಾರಿದರೆ ಆ ವೆಸ್ಟ್ ಬೇಡ.
3. ಎರಡೂ ಕೈ ಮೇಲೆತ್ತಿ, ಗಾಳ ಬೀಸುವ ಹಾಗೆ ಬೀಸಿ. ಕಂಕುಳಲ್ಲಿ ಹಿಡಿದರೆ ಸಂಜೆಗೆ ತರಚುತ್ತದೆ.
4. ಕೂತು ನೋಡಿ. ಕೆಳಗಿನ ಕಿಸೆ ತೊಡೆಗೆ ಒತ್ತಿದರೆ ಉದ್ದ ಹೆಚ್ಚಾಯಿತು. ಸೊಂಟದ ನೀರಿನಲ್ಲಿ ನಿಲ್ಲುವವರಿಗೆ ಗಿಡ್ಡ ವೆಸ್ಟೇ ಸರಿ.

ಹೊಲಿಗೆ ಪರೀಕ್ಷೆಗೆ ಕಿಸೆಯ ಮೇಲಿನ ಎರಡು ಮೂಲೆ ನೋಡಿದರೆ ಸಾಕು. ಅಲ್ಲಿ ಒತ್ತೊತ್ತಾಗಿ ಮರುಹೊಲಿಗೆ ಇದ್ದರೆ ಬಾಳಿಕೆ ಬರುತ್ತದೆ, ಒಂದೇ ಎಳೆ ಇದ್ದರೆ ಮೊದಲು ಕಿತ್ತು ಬರುವುದು ಅದೇ ಜಾಗ.

ಬಣ್ಣದ ವಿಷಯ

ಹಕ್ಕಿ, ಪ್ರಾಣಿ ನೋಡುವವರಿಗೆ ಮಣ್ಣಿನ ಬಣ್ಣ, ಎಲೆ ಹಸಿರು. ನೀರಿನ ಹತ್ತಿರ ಒಬ್ಬರೇ ಹೋಗುವವರಿಗೆ ಕಿತ್ತಳೆ, ಹಳದಿ ಒಳ್ಳೆಯದು, ದೂರದಿಂದ ಕಾಣುತ್ತದೆ. ರಾತ್ರಿ ರಸ್ತೆಯಲ್ಲಿ ನಡೆದು ಬರುವವರು ಬೆನ್ನಿಗೆ ಹೊಳೆಯುವ ಪಟ್ಟಿ ಹೊಲಿಸಿಕೊಳ್ಳಬಹುದು. ಸೈನಿಕರ ಸಮವಸ್ತ್ರದಂಥ ಚುಕ್ಕೆ ವಿನ್ಯಾಸ ಬೇಡ. ಕಾಡಂಚಿನಲ್ಲಿ ಸುಮ್ಮನೆ ಅನುಮಾನಕ್ಕೆ ಗುರಿಯಾಗಬೇಕಾಗುತ್ತದೆ.

ಟೇಲರ್ ಹತ್ತಿರ ಹೊಲಿಸಬಹುದಾ?

ಖಂಡಿತ. ಅಮೆರಿಕದ ಗಾಳಗಾರ ಲೀ ವುಲ್ಫ್ 1930ರ ದಶಕದ ಆರಂಭದಲ್ಲಿ ಮೊದಲ ಫಿಶಿಂಗ್ ವೆಸ್ಟ್ ಮಾಡಿದ್ದು ಹೀಗೆಯೇ, ತಾನೇ ಕೂತು ಕಿಸೆ ಹೊಲಿದು. ಊರಿನ ಟೇಲರ್‌ಗೆ ಸುಮಾರು ಒಂದೂವರೆ ಮೀಟರ್ ಬಟ್ಟೆ, ಜಿಪ್, ಒಂದು ಹಳೆ ವೆಸ್ಟ್‌ನ ಅಳತೆ ಕೊಟ್ಟರೆ ಆಗುತ್ತದೆ. ಇಡಬೇಕಾದ ಡಬ್ಬಿ, ಮೊಬೈಲನ್ನೇ ತೆಗೆದುಕೊಂಡು ಹೋಗಿ ಕಿಸೆಯ ಅಳತೆ ಕೊಡುವುದು ಜಾಣತನ. ರಿಪೇರಿಯೂ ಅಲ್ಲೇ ಆಗುತ್ತದೆ.

ಅಂಗಡಿಯವರಿಗೆ

ಸಿದ್ಧ ಉಡುಪಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ಒಂದು ಉಡುಪಿನ ಬೆಲೆ 2,500 ರೂ. ವರೆಗೆ ಇದ್ದರೆ ಶೇ 5, ಅದಕ್ಕಿಂತ ಹೆಚ್ಚಾದರೆ ಶೇ 18. ಲೈಫ್ ಜಾಕೆಟ್ ಮತ್ತು ಬಹುಕಿಸೆ ವೆಸ್ಟ್ ಎರಡನ್ನೂ ಮಾರುವವರು ಅವನ್ನು ಒಂದೇ ಹ್ಯಾಂಗರ್ ಸಾಲಿನಲ್ಲಿ ತೂಗು ಹಾಕದಿರುವುದು ಒಳ್ಳೆಯದು. ‘ಇದು ತೇಲುವುದಿಲ್ಲ’ ಅಂತ ಒಂದು ಚೀಟಿ ಅಂಟಿಸಿದರೆ, ಗಿರಾಕಿ ಕೇಳಿದಾಗ ಒಂದು ಮಾತು ಹೇಳಿದರೆ ಖರ್ಚೇನೂ ಇಲ್ಲ, ಒಂದು ಜೀವ ಉಳಿಯಬಹುದು. ಲೈಫ್ ಜಾಕೆಟ್ ಅಂತ ನಂಬಿಸಿ ಬರೀ ವೆಸ್ಟ್ ಮಾರಿದರೆ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ತೊಳೆಯುವುದು, ಇಡುವುದು

ತೊಳೆಯುವ ಮುಂಚೆ ಪ್ರತಿ ಕಿಸೆಯನ್ನೂ ಮಗುಚಿ ನೋಡಬೇಕು, ಒಂದು ಗಾಳ ಉಳಿದರೂ ತೊಳೆಯುವವರ ಕೈಗೆ ಚುಚ್ಚುತ್ತದೆ. ಉಪ್ಪುನೀರು ತಾಗಿದ್ದರೆ ಅದೇ ದಿನ ಸಿಹಿನೀರಿನಲ್ಲಿ ಜಾಲಿಸಬೇಕು. ನೆರಳಲ್ಲಿ ಒಣಗಿಸಬೇಕು, ಬಿಸಿ ಇಸ್ತ್ರಿ ಬೇಡ. ಜಿಪ್ ಬಿಗಿಯಾದರೆ ಮೇಣದಬತ್ತಿ ತಿಕ್ಕಿದರೆ ಸಲೀಸು.

ಹೊರಡುವ ಮೊದಲು

ಅಭಯಾರಣ್ಯದ ಒಳಗೆ ಮೀನು ಹಿಡಿಯುವಂತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಂಥ ಮತ್ಸ್ಯಧಾಮದಲ್ಲೂ ಗಾಳ ಹಾಕಬಾರದು. ಜಲಾಶಯದಲ್ಲಿ ಹಿಡಿಯಲು ಪರವಾನಗಿ ಬೇಕೇ, ಈಗ ಮೀನು ಮರಿ ಮಾಡುವ ನಿಷೇಧದ ಕಾಲವೇ ಅನ್ನುವುದನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅನ್ನುವುದು ಮನೆಯಲ್ಲಿ ಗೊತ್ತಿರಲಿ. ವೆಸ್ಟ್‌ನ ಎದೆಯ ಪಟ್ಟಿಗೆ ಒಂದು ಸೀಟಿ ಕಟ್ಟಿಕೊಳ್ಳಿ, ನೆಟ್‌ವರ್ಕ್ ಸಿಗದ ಕಡೆ ಕೂಗಿಗಿಂತ ಅದು ದೂರ ಕೇಳುತ್ತದೆ. ಸಿಗ್ನಲ್ ಇದ್ದರೆ ತುರ್ತು ಕರೆಗೆ 112.