ಶಿಬಿರ ಹಾಗೂ ಜಾತ್ರೆ ವಾಸ್ತವ್ಯಕ್ಕೆ ಕಡಿಮೆ ಶಬ್ದದ ಸಣ್ಣ ಜನರೇಟರ್ ಆಯ್ಕೆ: ಲಿಂಗಸುಗೂರು ಭಾಗದ ಸಾರ್ವಜನಿಕರಿಗೆ ಮಾಹಿತಿ

ಗುರುಗುಂಟಾ ಅಮರೇಶ್ವರ ಜಾತ್ರೆ, ಮುದಗಲ್ಲಿನ ಮೊಹರಂ ಮುಂತಾದ ಸಂದರ್ಭಗಳಲ್ಲಿ ಹಾಗೂ ಜಲದುರ್ಗದಂತಹ ಕೃಷ್ಣಾ ತೀರದ ಸ್ಥಳಗಳಲ್ಲಿ ಡೇರೆ ಹಾಕಿ ತಂಗುವವರು ಬೆಳಕು ಮತ್ತು ಫ್ಯಾನಿಗಾಗಿ ಸಣ್ಣ ಜನರೇಟರ್ ಒಯ್ಯುವುದುಂಟು. ಸಿಂಧನೂರು ಕಡೆಯಲ್ಲಿ ‘ಕ್ಯಾಂಪ್’ ಎಂದರೆ ನೀರಾವರಿಯಿಂದ ನೆಲೆನಿಂತ ಊರು ಎಂಬ ಅರ್ಥವೇ ಹೆಚ್ಚು ಬಳಕೆಯಲ್ಲಿದೆ. ಈ ಪುಟದಲ್ಲಿ ಶಿಬಿರವೆಂದರೆ ಕೆಲವು ರಾತ್ರಿಗಳ ತಾತ್ಕಾಲಿಕ ವಾಸ್ತವ್ಯ ಮಾತ್ರ.

ಅಗತ್ಯದ ಲೆಕ್ಕ

ಯಂತ್ರವನ್ನು ಕೊಳ್ಳುವ ಮೊದಲು ಎಷ್ಟು ವಿದ್ಯುತ್ ಬೇಕೆಂಬುದನ್ನು ಲೆಕ್ಕ ಹಾಕತಕ್ಕದ್ದು. 9 ವ್ಯಾಟಿನ ಎರಡು ಎಲ್‌ಇಡಿ ಬಲ್ಬು, 50 ವ್ಯಾಟಿನ ಒಂದು ಟೇಬಲ್ ಫ್ಯಾನು, ಎರಡು ಮೊಬೈಲ್ ಚಾರ್ಜರ್ ಇವೆಲ್ಲ ಸೇರಿದರೂ 100 ವ್ಯಾಟ್ ದಾಟುವುದು ಅಪರೂಪ. ಇಷ್ಟಕ್ಕೆ 2 ಕಿಲೋವ್ಯಾಟ್ ಯಂತ್ರವನ್ನು ಹೊರುವುದು ಹಣಕ್ಕೂ ಬೆನ್ನಿಗೂ ನಷ್ಟ. ಬಲ್ಬುಗಳನ್ನು 4 ಗಂಟೆ, ಫ್ಯಾನನ್ನು 8 ಗಂಟೆ ಬಳಸಿದರೆ ಒಂದು ರಾತ್ರಿಗೆ ಸುಮಾರು 470 ವ್ಯಾಟ್-ಗಂಟೆ ವಿದ್ಯುತ್ ಸಾಕು. ಪರಿವರ್ತನೆಯಲ್ಲಾಗುವ ನಷ್ಟವನ್ನೂ ಸೇರಿಸಿ 600 ವ್ಯಾಟ್-ಗಂಟೆಯ ಬ್ಯಾಟರಿಯಿದ್ದಲ್ಲಿ ಜನರೇಟರಿನ ಅವಶ್ಯಕತೆಯೇ ಬೀಳುವುದಿಲ್ಲ. ಒಂದೇ ರಾತ್ರಿಯ ವಾಸ್ತವ್ಯಕ್ಕೆ ಇದೇ ಉತ್ತಮ ಮಾರ್ಗ.

ಫ್ರಿಜ್ ಅಥವಾ ನೀರಿನ ಮೋಟಾರ್ ಇದ್ದಲ್ಲಿ ಲೆಕ್ಕ ಬದಲಾಗುತ್ತದೆ. 1 ಅಶ್ವಶಕ್ತಿಯೆಂದರೆ 746 ವ್ಯಾಟ್. ಆದರೆ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ. ಆದ್ದರಿಂದ ಯಂತ್ರದ ಗರಿಷ್ಠ ಸಾಮರ್ಥ್ಯವನ್ನಷ್ಟೇ ನೋಡದೆ, ಸತತವಾಗಿ ಕೊಡಬಲ್ಲ ಸಾಮರ್ಥ್ಯವನ್ನೂ ವಿಚಾರಿಸಬೇಕು. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಮೀರುವುದು ಸಾಮಾನ್ಯವಾಗಿದ್ದು, ಅಂತಹ ಬಿಸಿಲಿನಲ್ಲಿ ಯಾವುದೇ ಎಂಜಿನ್ ಪೂರ್ಣ ಶಕ್ತಿಯನ್ನು ನೀಡುವುದಿಲ್ಲ.

ಶಬ್ದದ ಅಂಕಿಗಳು

ಸಣ್ಣ ಜನರೇಟರ್‌ಗಳಲ್ಲಿ ಇನ್ವರ್ಟರ್ ಮಾದರಿಯವು ಕಡಿಮೆ ಶಬ್ದ ಮಾಡುತ್ತವೆ. ಸಾಮಾನ್ಯ ಯಂತ್ರವು ಹೊರೆ ಇರಲಿ ಬಿಡಲಿ ಒಂದೇ ವೇಗದಲ್ಲಿ ತಿರುಗುತ್ತದೆ. ಇನ್ವರ್ಟರ್ ಮಾದರಿಯಲ್ಲಿ ಹೊರೆ ತಗ್ಗಿದಾಗ ಎಂಜಿನ್ನಿನ ವೇಗವೂ ತಗ್ಗುತ್ತದೆ. ಬೆಲೆ ಹೆಚ್ಚಾದರೂ ಇಂಧನ ಉಳಿಯುತ್ತದೆ.

ಪೆಟ್ರೋಲ್ ಹಾಗೂ ಸೀಮೆಎಣ್ಣೆ ಜನರೇಟರ್‌ಗಳಿಗೆ ಕೇಂದ್ರ ಸರ್ಕಾರವು ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಅಡಿಯಲ್ಲಿ ಶಬ್ದದ ಮಿತಿಯನ್ನು ನಿಗದಿಪಡಿಸಿದ್ದು, 2003ರ ಸೆಪ್ಟೆಂಬರ್ 1ರಿಂದ ಅದು 86 ಡೆಸಿಬೆಲ್ ಆಗಿದೆ. ಇದು ಯಂತ್ರವು ಒಟ್ಟಾರೆ ಹೊರಸೂಸುವ ಶಬ್ದಶಕ್ತಿಯ ಅಳತೆಯೇ ಹೊರತು ಕಿವಿಗೆ ಬೀಳುವ ಶಬ್ದದ ಅಳತೆಯಲ್ಲ. ಬಯಲಿನಲ್ಲಿ 7 ಮೀಟರ್ ದೂರದಲ್ಲಿ ಅದು ಸುಮಾರು 61 ಡೆಸಿಬೆಲ್ ಆಗುತ್ತದೆ. ಮಾರಾಟಗಾರರು ಹೇಳುವ ಅಂಕಿ ಬಹುಮಟ್ಟಿಗೆ 7 ಮೀಟರ್ ದೂರದ್ದು, ಅದೂ ಕಾಲುಭಾಗ ಹೊರೆಯಲ್ಲಿ ಅಳೆದದ್ದು. ಪೂರ್ಣ ಹೊರೆಯಲ್ಲಿ ಎಷ್ಟೆಂದು ಕೇಳುವುದು, ಸಾಧ್ಯವಾದರೆ ಅಂಗಡಿಯ ಹೊರಗೆ ಚಾಲೂ ಮಾಡಿಸಿ ಕೇಳುವುದು ಸೂಕ್ತ.

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯಿದೆ. ದೂರ ಇಮ್ಮಡಿಯಾದಂತೆ ಶಬ್ದವು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ 7 ಮೀಟರಿನಲ್ಲಿ 61 ಡೆಸಿಬೆಲ್ ಇರುವ ಯಂತ್ರವು 45ಕ್ಕೆ ಇಳಿಯಲು ಸುಮಾರು 45 ಮೀಟರ್ ದೂರ ಬೇಕು. 55 ಡೆಸಿಬೆಲ್‌ನದಕ್ಕೆ ಸುಮಾರು 22 ಮೀಟರ್ ಸಾಕು. ಅನುಮೋದನೆ ಪಡೆದ ಯಂತ್ರವೂ ಪಕ್ಕದ ಡೇರೆಯವರ ನಿದ್ದೆ ಕೆಡಿಸಬಲ್ಲದು. ಯಂತ್ರದೊಂದಿಗೆ ಅರ್ಥಿಂಗ್ ಎಳೆಯುಳ್ಳ ಉದ್ದನೆಯ ಉತ್ತಮ ಕೇಬಲ್ಲನ್ನೂ ಖರೀದಿಸುವುದು ಅವಶ್ಯಕ.

ಹೊಗೆಯ ಅಪಾಯ

ಶಬ್ದ ಕಡಿಮೆಯಾದಷ್ಟೂ ಯಂತ್ರವನ್ನು ಡೇರೆಯ ಬಳಿಗೆ ಎಳೆದುಕೊಳ್ಳುವ ಮನಸ್ಸಾಗುತ್ತದೆ. ಮಳೆ ಹನಿದರಂತೂ ಒಳಗೇ ಇಡುವವರಿದ್ದಾರೆ. ಇದು ಪ್ರಾಣಾಪಾಯಕಾರಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ತಲೆನೋವು, ತಲೆಸುತ್ತು, ವಾಂತಿ, ನಿಶ್ಶಕ್ತಿ ಇದರ ಲಕ್ಷಣಗಳಾಗಿದ್ದು, ಜಾತ್ರೆಯಲ್ಲಿ ಇವನ್ನು ಬಿಸಿಲಿನ ಅಥವಾ ಊಟದ ತೊಂದರೆಯೆಂದು ತಪ್ಪು ತಿಳಿಯುವ ಸಂಭವವಿದೆ. ಮಲಗಿದವರು ಎಚ್ಚರಗೊಳ್ಳದೆಯೇ ಮೃತಪಡಬಹುದು. ಪರದೆ ಸರಿಸಿಡುವುದರಿಂದ ಅಥವಾ ಫ್ಯಾನು ಹಾಕುವುದರಿಂದ ರಕ್ಷಣೆ ದೊರೆಯುವುದಿಲ್ಲ. ಗ್ಯಾಸ್‌ನಿಂದ ನಡೆಯುವ ಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಯಂತ್ರವನ್ನು ಡೇರೆ, ಅಂಗಡಿ ಮತ್ತು ವಾಹನಗಳಿಂದ ಕನಿಷ್ಠ 20 ಅಡಿ ದೂರದಲ್ಲಿ, ಗಾಳಿ ಬೀಸುವ ದಿಕ್ಕನ್ನು ನೋಡಿ, ಹೊಗೆ ಕೊಳವೆಯು ಜನರಿಗೆ ವಿಮುಖವಾಗಿರುವಂತೆ ಇರಿಸತಕ್ಕದ್ದು. ಲಕ್ಷಣಗಳು ಕಂಡಲ್ಲಿ ಎಲ್ಲರನ್ನೂ ಕೂಡಲೇ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಬೇಕು.

ಇಂಧನ ಮತ್ತು ನಿರ್ವಹಣೆ

ಪೆಟ್ರೋಲಿಯಂ ಅಧಿನಿಯಮ, 1934ರಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು 30 ಲೀಟರ್‌ವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದನ್ನು ಬಿಗಿಯಾದ ಮುಚ್ಚಳವುಳ್ಳ, 25 ಲೀಟರ್ ಮೀರದ ಲೋಹದ ಡಬ್ಬಿಯಲ್ಲಿಡಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿ ಇದಕ್ಕೆ ಸಲ್ಲದು. ಎಂಜಿನ್ ಆರಿದ ನಂತರವೇ ಇಂಧನ ತುಂಬತಕ್ಕದ್ದು. ಈ ಭಾಗದ ಎರೆಮಣ್ಣು ಮಳೆಗೆ ಕುಸಿಯುವುದರಿಂದ ಯಂತ್ರದ ಕೆಳಗೆ ಹಲಗೆ ಹಾಕುವುದು ಒಳ್ಳೆಯದು. ಬೇಸಿಗೆಯ ಧೂಳಿಗೆ ಗಾಳಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ರಿಪೇರಿ ಸೌಲಭ್ಯವು ಲಿಂಗಸುಗೂರು, ಸಿಂಧನೂರು ಅಥವಾ ರಾಯಚೂರಿನಲ್ಲಿ ದೊರೆಯುವ ಮಾದರಿಯನ್ನೇ ಆರಿಸಿ ರಸೀದಿ ಪಡೆಯತಕ್ಕದ್ದು.

ಜನರೇಟರನ್ನು ಮನೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸಬಾರದು. ವಿದ್ಯುತ್ ಹಿಂದಕ್ಕೆ ಹರಿದು, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ ಪ್ರಾಣಕ್ಕೆ ಕುತ್ತಾಗುತ್ತದೆ.

ತಾತ್ಕಾಲಿಕ ಸಂಪರ್ಕ ಹಾಗೂ ದೂರು

ವಿದ್ಯುತ್ ಮಾರ್ಗ ಹತ್ತಿರವಿರುವ ಸ್ಥಳದಲ್ಲಿ ಅಂಗಡಿ ಅಥವಾ ಡೇರೆ ಹಾಕುವವರು ಜೆಸ್ಕಾಂನ ಸ್ಥಳೀಯ ಉಪವಿಭಾಗ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಸಲ್ಲಿಸಬಹುದು. ಸ್ಥಳದ ಪರಿಶೀಲನೆಗೆ ಕಾಲಾವಕಾಶ ಬೇಕಾಗುವುದರಿಂದ ಜಾತ್ರೆಗೆ ಸಾಕಷ್ಟು ದಿನ ಮುಂಚಿತವಾಗಿ ಅರ್ಜಿ ನೀಡುವುದು ಸೂಕ್ತ. ರಾತ್ರಿ ವೇಳೆ ಶಬ್ದದ ತೊಂದರೆಯಾದಲ್ಲಿ 112ಕ್ಕೆ ಕರೆ ಮಾಡಬಹುದು ಅಥವಾ ಸಮೀಪದ ಪೊಲೀಸ್ ಠಾಣೆಗೆ ಸ್ಥಳ ಮತ್ತು ಸಮಯವನ್ನು ನಮೂದಿಸಿ ಲಿಖಿತ ದೂರು ನೀಡಬಹುದು.