ಗೋವಿಂದನ ಏಟು: ಕೊಲೆಗೂ ನರಹತ್ಯೆಗೂ ನಡುವಿನ ಗೆರೆ

‘ಉದ್ದೇಶಪೂರ್ವಕವಲ್ಲದ ಕೊಲೆ’ ಅಂತ ಪೇಪರಿನಲ್ಲಿ, ಟೀವಿಯಲ್ಲಿ ನೋಡಿರ್ತೀರಿ. ಕಲ್ಪಬಲ್ ಹೋಮಿಸೈಡ್ ಅನ್ನೋದಕ್ಕೆ ನಮ್ಮವರು ಬಳಸುವ ಮಾತು ಇದು. ನನ್ನ ಪ್ರಕಾರ ಈ ಮಾತೇ ದಾರಿ ತಪ್ಪಿಸುತ್ತೆ. ಸಾಯಿಸುವ ಉದ್ದೇಶ ಇದ್ದರೂ ಕಾನೂನಿನ ಲೆಕ್ಕದಲ್ಲಿ ಅದು ಕೊಲೆ ಆಗದೇ ಇರಬಹುದು. ಉದ್ದೇಶ ಇಲ್ಲದಿದ್ದರೂ ಕೊಲೆ ಆಗಬಹುದು. ನಾನು ಕೋಡ್ ಬರೆದು ಬದುಕುವವನು, ವಕೀಲನಲ್ಲ. ಆದರೆ ಇದನ್ನು ಬಿಡಿಸಿ ಹೇಳಿದ 1876ರ ಬಾಂಬೆ ಹೈಕೋರ್ಟಿನ ಒಂದು ತೀರ್ಪು ಓದಿದಾಗ, ನಮ್ಮ ಕೆಲಸಕ್ಕೂ ಇದಕ್ಕೂ ಹತ್ತಿರದ ನಂಟಿದೆ ಅನ್ನಿಸಿತು.

ಆರೋಪಿಯ ಹೆಸರು ಗೋವಿಂದ. ವಯಸ್ಸು 18. ಹೆಂಡತಿಗೆ 15. ಅವಳನ್ನು ಒದ್ದ, ಬೆನ್ನಿಗೆ ಗುದ್ದಿದ. ಅವಳು ನೆಲಕ್ಕೆ ಬಿದ್ದಳು. ಎದೆಯ ಮೇಲೆ ಮೊಣಕಾಲೂರಿ, ಮುಷ್ಟಿಯಿಂದ ಮುಖಕ್ಕೆ ಎರಡು ಮೂರು ಸಲ ಹೊಡೆದ. ಎಡಗಣ್ಣಿನ ಹತ್ತಿರ ಪೆಟ್ಟು. ತಲೆಬುರುಡೆ ಒಡೆದಿರಲಿಲ್ಲ, ಆದರೆ ಮೆದುಳಿನಲ್ಲಿ ರಕ್ತಸ್ರಾವ ಆಗಿ ಹುಡುಗಿ ಸತ್ತಳು. ಸೆಷನ್ಸ್ ಕೋರ್ಟು ಕೊಲೆ ಅಂದಿತು, ಗಲ್ಲು ವಿಧಿಸಿತು. ಹೈಕೋರ್ಟಿನ ಇಬ್ಬರು ಜಡ್ಜುಗಳಿಗೆ ಒಮ್ಮತ ಬರಲಿಲ್ಲ. ಫೈಲು ಮೂರನೆಯವರಾದ ಮೆಲ್ವಿಲ್ ಅವರ ಮುಂದೆ ಬಂತು.

ಆಗ ದಂಡಸಂಹಿತೆಗೆ ಇನ್ನೂ ಹದಿನಾಲ್ಕು ವರ್ಷ. ಮೆಕಾಲೆಯ ಆಯೋಗ 1837ರಲ್ಲಿ ಕರಡು ಮುಗಿಸಿತ್ತು. ಅದು ಕಾನೂನಾಗಿದ್ದು 1860ರಲ್ಲಿ, ಜಾರಿಗೆ ಬಂದಿದ್ದು 1862ರ ಜನವರಿ 1ಕ್ಕೆ. ಸೆಕ್ಷನ್ 299 ಅಪರಾಧಿಕ ನರಹತ್ಯೆ, 300 ಕೊಲೆ. ಎರಡನ್ನೂ ಓದಿದರೆ ಯಾರೋ ಕಾಪಿ-ಪೇಸ್ಟ್ ಮಾಡಿ ನಾಲ್ಕು ಪದ ಬದಲಾಯಿಸಿದ ಹಾಗೆ ಕಾಣುತ್ತೆ. ಇಡೀ ಸಂಹಿತೆಯಲ್ಲಿ ಅತಿ ದುರ್ಬಲ ಭಾಗ ಇದೇ ಅಂತ ಕಾನೂನು ಪಂಡಿತ ಜೇಮ್ಸ್ ಸ್ಟೀಫನ್ ಹೇಳಿದ್ದುಂಟು.

ಮೆಲ್ವಿಲ್ ಏನು ಮಾಡಿದರು ಗೊತ್ತಾ? ಎರಡೂ ಸೆಕ್ಷನ್‌ಗಳನ್ನು ಅಕ್ಕಪಕ್ಕ ಇಟ್ಟು, ಬೇರೆಯಾಗಿದ್ದ ಪದಗಳ ಕೆಳಗೆ ಗೆರೆ ಎಳೆದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಡಿಫ್ ತೆಗೆದರು! ಸಿಕ್ಕ ವ್ಯತ್ಯಾಸ ಇದು: ‘ಸಾವು ತರುವ ಸಂಭವವಿರುವ’ ಗಾಯ ಮಾಡುವ ಉದ್ದೇಶ ಇದ್ದರೆ ನರಹತ್ಯೆ. ‘ಸಹಜ ಗತಿಯಲ್ಲಿ ಸಾವಿಗೆ ಸಾಕಾಗುವ’ ಗಾಯ ಮಾಡುವ ಉದ್ದೇಶ ಇದ್ದರೆ ಕೊಲೆ. ಅಂದ್ರೆ ಸಂಭವದ ಪ್ರಮಾಣದ ಪ್ರಶ್ನೆ. ಮರ್ಮಸ್ಥಾನಕ್ಕೆ ಮುಷ್ಟಿಯ ಅಥವಾ ದೊಣ್ಣೆಯ ಏಟು ಬಿದ್ದರೆ ಸಾವು ಬರಬಹುದು; ಅದೇ ಜಾಗಕ್ಕೆ ಕತ್ತಿಯ ಗಾಯವಾದರೆ ಸಾವಿಗೆ ಅದೇ ಸಾಕು. ಆದ್ದರಿಂದ ಗೋವಿಂದ ಮಾಡಿದ್ದು ಕೊಲೆಯಲ್ಲ, ಕೊಲೆಯ ಮಟ್ಟ ಮುಟ್ಟದ ನರಹತ್ಯೆ. ಅವನಿಗೆ ಗಲ್ಲು ತಪ್ಪಿತು.

ತರ್ಕ ನನಗೆ ಒಪ್ಪಿಗೆಯೇ. ಆದರೂ ಆ ಮೊಣಕಾಲು ಮನಸ್ಸಿನಿಂದ ಹೋಗಲ್ಲ. ಬಿದ್ದವಳು ಏಳದ ಹಾಗೆ ಒತ್ತಿ ಹಿಡಿದು ಹೊಡೆದದ್ದು ಅದು. ಕಾನೂನು ವಿದ್ಯಾರ್ಥಿಗಳೆಲ್ಲ ಗೋವಿಂದನ ಹೆಸರು ಬಾಯಿಪಾಠ ಮಾಡ್ತಾರೆ. ಆಕೆ ಮಾತ್ರ ‘ಹೆಂಡತಿ’, ‘ಹುಡುಗಿ’.

ಹೊರಟ ಜಾಗಕ್ಕೆ ಬರೋಣ. 1958ರ ವಿರ್ಸಾ ಸಿಂಗ್ ಕೇಸಿನಲ್ಲಿ ಹೊಟ್ಟೆಗೆ ಒಂದೇ ಒಂದು ಭರ್ಜಿಯ ತಿವಿತ. ಸಾಯಿಸಬೇಕು ಅಂತ ಇರಲೇಬೇಕಿಲ್ಲ, ಆ ಗಾಯ ಮಾಡಬೇಕು ಅಂತಿದ್ದು, ಅಂಥ ಗಾಯ ಸಾವಿಗೆ ಸಾಕು ಅಂತ ಸಾಬೀತಾದರೆ ಕೊಲೆಯೇ ಅಂದರು ಸುಪ್ರೀಂ ಕೋರ್ಟಿನ ವಿವಿಯನ್ ಬೋಸ್. ಇನ್ನೊಂದು ಕಡೆ, ಸಾಯಿಸಲೆಂದೇ ಹೊಡೆದಿದ್ದರೂ ಅದು ಗಂಭೀರ, ಹಠಾತ್ ಪ್ರಚೋದನೆಯಿಂದ ಆಗಿದ್ದರೆ ಸೆಕ್ಷನ್ 300ರ ಮೊದಲ ವಿನಾಯಿತಿಯಲ್ಲಿ ಬರೀ ನರಹತ್ಯೆ ಆಗಬಹುದು. ಉದ್ದೇಶವೂ ಇಲ್ಲದ, ಅರಿವೂ ಇಲ್ಲದ ನಿರ್ಲಕ್ಷ್ಯದ ಸಾವಿಗೆ 304ಎ ಅಂತ ಬೇರೆಯೇ ಸೆಕ್ಷನ್ ಇತ್ತು, 1870ರಲ್ಲಿ ಸೇರಿಸಿದ್ದು.

ಧಾರವಾಡ, ಬೆಳಗಾವಿ, ಬಿಜಾಪುರ ಆಗ ಬಾಂಬೆ ಹೈಕೋರ್ಟಿನ ಕೆಳಗೇ ಇದ್ದವು. ನಮ್ಮ ಹಿರಿಯರ ಕೇಸುಗಳನ್ನೂ ಇದೇ ಡಿಫ್ ಇಟ್ಟು ತೂಗಿರಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು 299 ಈಗ 100 ಆಗಿದೆ, 300 ಈಗ 101. ಮೆಲ್ವಿಲ್ ಗೆರೆ ಎಳೆದ ಪದಗಳು ಹಾಗೇ ಇವೆ. ಪ್ರಚೋದನೆಯ ವಿನಾಯಿತಿ ಅಂದಕೂಡಲೇ ಮುಂಬೈನವರು ನಾನಾವತಿ ಕೇಸು ಕೇಳ್ತೀರಿ, ಗೊತ್ತು. ಅದು ಮುಂದಿನ ವೀಡಿಯೋದಲ್ಲಿ.